ಮೈಕತ್ತೆಯ ನಾಲ್ಕು ಮಾತು

ಫೋನ್ ರಿಂಗಾದರೆ ಅವಳು ಮೊದಲು ಹತ್ತಿರದ ಯಾವುದಾದರೂ ಬಾಗಿಲು ತೆರೆಯುತ್ತಾಳೆ. ಬೀರುವಿನದಾದರೂ ಸರಿ, ಬಚ್ಚಲಿನದಾದರೂ ಸರಿ. ತೆರೆದು, ಒಳಗೊಮ್ಮೆ ಇಣುಕಿ... ಆಮೇಲೆ "ಹಲೋ."

ಅವಳೆಂದರೆ ನಮ್ಮ ಚಿಕ್ಕಮ್ಮನ ಮಗಳು. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್ ಆಗಿದ್ದಳು. ಮನೆಯವರಿಗೆಲ್ಲ ಅವಳ ಈ ಚಾಳಿ ಒಂದು ತಮಾಷೆ. ಕಾರಣ ಗೊತ್ತಿದ್ದರೆ ಯಾರೂ ನಗುತ್ತಿರಲಿಲ್ಲ.

ಅಲ್ಲಿ ಮೀನು ವಿಂಗಡಿಸುವ ಹೆಂಗಸೊಬ್ಬಳಿದ್ದಳು. ಎಲ್ಲರಿಗೂ ಅವಳು ಮೈಕ್ ಅತ್ತೆ, ಬಾಯಲ್ಲಿ ಮೈಕತ್ತೆ. ಕಂಠವೇ ಅಂಥದ್ದು, ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಬೇಕು. ಸಂಜೆ ಫ್ರೀಜರ್ ಕೋಣೆಗೆ ಹೊರಗಿನಿಂದ ಅಗುಳಿ ಹಾಕುವ ಮುಂಚೆ ಬಾಗಿಲಲ್ಲಿ ನಿಂತು, "ಒಳಗ್ಯಾರಾದ್ರೂ ಇದ್ದೀರೇನ್ರೋ?" ಎಂದು ಕೂಗುವ ಕೆಲಸ ಅವಳದೇ. ಒಳಗಡೆ ಒಂದು ಹಗ್ಗವೂ ನೇತಾಡುತ್ತಿತ್ತು. ಎಳೆದರೆ ಹೊರಗೆ ಗಂಟೆ, ಢಣ್ ಢಣ್.

ಆಮೇಲೆ ಡಬ್ಬಿ ಬಂತು. ಅಂಗೈಯಗಲದ ಬಿಳಿ ಡಬ್ಬಿ, ಹೊಟ್ಟೆಯಲ್ಲೊಂದು ಸಿಮ್ಮು. ಬಾಗಿಲು ತೆರೆದೇ ಇದ್ದರೆ, ಒಳಗೆ ಬಿಸಿಯೇರಿದರೆ, ಕರೆಂಟು ಹೋದರೆ ಸೂಪರ್‌ವೈಸರಿಗೆ ತಾನೇ ಫೋನ್ ಮಾಡುತ್ತದೆ. ಯಾರಾದರೂ ಒಳಗೆ ಸಿಕ್ಕಿಕೊಂಡರೆ ಒತ್ತಲು ಒಂದು ಗುಂಡಿ. ಇನ್ನು ಗಂಟೆ ಯಾಕೆ? ಬಿಚ್ಚಿ ಗುಜರಿಗೆ ಹಾಕಿದರು. ಕೂಗುವುದೂ ನಿಂತಿತು. "ಡಬ್ಬಿ ಇದೆಯಲ್ಲ!"

ಡಬ್ಬಿ ಮೊದಮೊದಲು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಅರ್ಥವಾಗದೆ ಫೋನ್ ಎತ್ತಿದವರು ಕಟ್ ಮಾಡುತ್ತಿದ್ದರು. ಡಬ್ಬಿ ಕೂಡಿಸಿ ಹೋಗಿದ್ದ ಮೆಕ್ಯಾನಿಕ್ ಮತ್ತೆ ಬಂದು, ತಲೆ ಓಡಿಸಿ, ಮೈಕತ್ತೆಯ ದನಿಯಲ್ಲೇ ನಾಲ್ಕು ಮಾತು ರೆಕಾರ್ಡ್ ಮಾಡಿಕೊಂಡ.

"ನನ್ನ ಗಂಡನೇ ಇಷ್ಟು ವರ್ಷ ನನ್ನ ಮಾತು ಕಿವಿಗೆ ಹಾಕ್ಕೊಂಡಿಲ್ಲ. ನೀವು ಹಾಕ್ಕೋತೀರೇನ್ರೇ?" ಅಂದಳು ಮೈಕತ್ತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಕರೆಂಟು ಗಳಿಗೆಗೊಮ್ಮೆ ಹೋಗುವ ಜಾಗ ಅದು. ನೆಟ್‌ವರ್ಕಂತೂ ಬಂದರೆ ಬಂತು, ಹೋದರೆ ಹೋಯಿತು. ಮಧ್ಯಾಹ್ನ ಹೋದ ಕರೆಂಟಿನ ಸುದ್ದಿ ನಡುರಾತ್ರಿ ಬರುತ್ತಿತ್ತು, ಒಂದರ ಹಿಂದೊಂದು. "ಕರೆಂಟು ಹೋಗಿದೆ... ಕರೆಂಟು ಹೋಗಿದೆ..."

"ಏನೇ ಇದು, ಆ ಹೆಂಗಸಿಗೆ ಮನೆ ಮಠ ಇಲ್ವಾ?" ಚಿಕ್ಕಮ್ಮ ಮಗ್ಗುಲು ಬದಲಿಸಿ ಗೊಣಗುತ್ತಿದ್ದರು.

ಡಬ್ಬಿಯ ಕಂಪನಿಗೆ ದೂರು ಕೊಟ್ಟದ್ದಾಯಿತು. "ಇಲ್ಲಿಂದಲೇ ಸರಿ ಮಾಡ್ತೀವಿ ಮೇಡಂ" ಅಂದರು. ಸ್ವಲ್ಪ ದಿನಕ್ಕೆ ಕಂಪನಿಯವರೇ ಫೋನ್ ಎತ್ತುವುದನ್ನು ಬಿಟ್ಟರು. ಕೊನೆಗೆ ಬೇಸತ್ತು ಅವಳು ಡಬ್ಬಿಯ ನಂಬರನ್ನು ಸೈಲೆಂಟಿಗೆ ಹಾಕಿದಳು. ಅವತ್ತು ಎಷ್ಟು ಚೆನ್ನಾಗಿ ನಿದ್ದೆ ಬಂತು ಅಂತೀರಿ...

ಒಂದು ಸಂಜೆ ಲೋಡರ್ ಅಗುಳಿ ಹಾಕಿ ಹೊರಟ. ಕೂಗಬೇಕಾದವಳೇ ಒಳಗೆ ಹಿಂದಿನ ಸಾಲಿನಲ್ಲಿ ಕ್ರೇಟು ಸರಿಸುತ್ತಿದ್ದಳು.

ಬೆಳಿಗ್ಗೆ ಫೋನಿನ ತುಂಬ ಎತ್ತದ ಕರೆಗಳು. ಎಲ್ಲ ಅದೇ ನಂಬರು. ಓಡಿಹೋಗಿ ಅಗುಳಿ ತೆಗೆದರೆ ಮೈಕತ್ತೆ ಬಾಗಿಲ ಬಳಿ ಸೆಟೆದು ಹೆಣವಾಗಿದ್ದಳು. ಡಬ್ಬಿಯ ಗುಂಡಿಯ ಮೇಲೆ ಮೈಕತ್ತೆಯ ಬೆರಳಿನ ಚರ್ಮ ಅಂಟಿತ್ತು. ರಾತ್ರಿಯಿಡೀ ಒತ್ತಿದ್ದಾಳೆ. ಒತ್ತಿದಾಗಲೆಲ್ಲ ಅವಳದೇ ದನಿ, ಆ ನಾಲ್ಕನೇ ಮಾತು, "ಒಳಗೆ ಜನ ಇದ್ದಾರೆ, ಬಾಗಿಲು ತೆಗೀರಿ" ಎಂದು ಯಾರೂ ಕೇಳದ ಫೋನಿಗೆ ಬಂದು ಬಂದು ಹೋಗಿದೆ.

ಕಂಪನಿ ಮುಚ್ಚಿತು. ಸಿಮ್ಮು ಸತ್ತಿತು. ಕೋಲ್ಡ್ ಸ್ಟೋರೇಜನ್ನು ಕೆಡವಿ ನೆಲಸಮ ಮಾಡಿದರು. ಕೆಡವಿದವರು ಡಬ್ಬಿಯನ್ನು ತಂದು, "ನಿಮ್ಮದಂತೆ" ಎಂದು ಅವಳ ಕೈಗಿಟ್ಟರು.

ಅವಳು ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲಾರದೆ, ಬೀದಿ ಮಲಗಿದ ಮೇಲೆ ಒಬ್ಬಳೇ ಹೋಗಿ ಬೀದಿಕೊನೆಯ ಹಾಳು ಬಾವಿಗೆ ಹಾಕಿದಳು. ಗುಳುಂ. ತಿರುಗಿ ಹೊರಟಳು. ಚಪ್ಪಲಿಯ ಪಟ್... ಪಟ್... ಬಿಟ್ಟರೆ ಹುಳದ ಸದ್ದೂ ಇಲ್ಲ.

ಫೋನ್ ರಿಂಗಾಯಿತು.

ಸೈಲೆಂಟಿಗೆ ಹಾಕಿದ ನಂಬರು. ರಿಂಗಾಗಬಾರದು. ಆಯಿತು.

ಕಿವಿಗಿಟ್ಟಳು. ಗುಂಯ್... ಎಂದು ಕಂಪ್ರೆಸರಿನ ಸದ್ದು. ಅದರಡಿ ಕಟಕಟ, ಹಲ್ಲಿಗೆ ಹಲ್ಲು. ಜನ್ಮದಲ್ಲಿ ಪಿಸುಗುಡದವಳು ಪಿಸುಗುಟ್ಟಿದಳು...

"ಕೈ ಮರಗಟ್ತಾ ಇದೆ ಕಣೇ..."

ರೆಕಾರ್ಡಾದ ನಾಲ್ಕರಲ್ಲಿ ಈ ಮಾತಿರಲಿಲ್ಲ.

"ಅತ್ತೆ... ಎಲ್ಲಿದ್ದೀರಿ?"

"ಒಳಗೇ."

ಕರೆ ನಿಂತಿತು. ತಿರುಗಿ ಮಾಡಿದರೆ, "ಈ ಸಂಖ್ಯೆ ಬಳಕೆಯಲ್ಲಿಲ್ಲ." ಬೆವರು ಧಾರೆ ಹರಿಯುವಂಥ ಸೆಖೆ ಅವತ್ತು. ಫೋನಿನ ಗಾಜಿನ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು.

ಆಮೇಲೆ ನಂಬರು ಬದಲಿಸಿದಳು. ಫೋನೂ ಬದಲಿಸಿದಳು. ಕರೆ ಮಾತ್ರ ಬರುತ್ತಲೇ ಇದೆ. ಅದಕ್ಕೇ ಈ ಬಾಗಿಲು ತೆರೆಯುವ ಚಾಳಿ. ಯಾವುದೋ ಒಂದು ಬಾಗಿಲಲ್ಲಿ ಅತ್ತೆ ಹೊರಗೆ ಬಂದುಬಿಟ್ಟರೆ ಸಾಕು ಅಂತ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆದರೆ ಕಳೆದ ವಾರದ್ದು ನನ್ನ ಕಿವಿಯಾರೆ ಕೇಳಿದ್ದು. ಫೋನ್ ಬಂತು. ಅವಳು ಬೀರು ತೆರೆದಳು. ಅಡುಗೆಮನೆಯ ಬಾಗಿಲು, ಬಚ್ಚಲು, ಹಿತ್ತಿಲು, ಕೊನೆಗೆ ಬೀದಿಬಾಗಿಲನ್ನೂ ಹಾರು ಹೊಡೆದು, ಹೊಸ್ತಿಲ ಮೇಲೆ ನನ್ನ ಪಕ್ಕವೇ ಕೂತು ಫೋನ್ ಎತ್ತಿದಳು. ಗುಂಯ್...

"ಇದಲ್ಲ ಕಣೇ," ಅಂದಿತು ಆ ದನಿ, ತುಂಬ ಸೋತು. "ಅಗುಳಿ ಹಾಕಿದ್ರಲ್ಲ, ಆ ಬಾಗಿಲು... ಅದೊಂದು ತೆಗಿಯೇ."