ಜಗಳವಿಲ್ಲದ ಗುಂಪು

ಅಮೀರ್‌ಪೇಟ್ ಮೆಟ್ರೋದಲ್ಲಿ ಬ್ಯಾಗು ತಪಾಸಣೆಯ ಸಾಲು. ಈ ತೆಲುಗು ಊರಲ್ಲಿ ಕನ್ನಡ ಕೇಳಿಸಿದರೆ ನನ್ನ ಕಿವಿ ಸುಮ್ಮನಿರುವುದಿಲ್ಲ. ನನ್ನ ಮುಂದೆ ನಿಂತಿದ್ದ ಹುಡುಗ, ಹುಡುಗಿ ಇಬ್ಬರೂ ಸೇರಿ ಕಂಪ್ಯೂಟರ್, ರಾಜಕೀಯ, ಸಿನಿಮಾ ಸುದ್ದಿ ಹಂಚಿಕೊಳ್ಳುವ ಆನ್‌ಲೈನ್ ಗುಂಪೊಂದನ್ನು ನಡೆಸುತ್ತಾರೆಂದು ತಿಳಿಯಿತು.

“ಹರ್ಷದಾ, ನಿನ್ನೆ ನಮ್ಮ ಗ್ರೂಪಿನ್ಯಾಗ ಬೇಕಂತ ಒಂದು ಸುಳ್ಳು ಸುದ್ದಿ ಹಾಕಿದೆ. ಹುಸೇನ್‌ಸಾಗರ ಕೆರಿ ನೀರಾಗ ಅದ್ದಿದ್ರ ಫೋನ್ ಚಾರ್ಜ್ ಆಗ್ತೈತಿ ಅಂತ.”

“ಮಂದಿ ಏನಂದ್ರು?”

“‘ಉಪಯುಕ್ತ ಮಾಹಿತಿ, ಧನ್ಯವಾದಗಳು.’ ಎಲ್ಲಾರೂ ಅದನ್ನ ಬರದಾರ.”

“ಒಬ್ಬರೂ ಬೈಲಿಲ್ಲ?”

“ಬೈಯಾಕ ಮನುಷ್ಯಾರು ಬೇಕಲ್ಲ. ಉಳದಾವೆಲ್ಲಾ ಬಾಟ್. ಮಷೀನ ಬರೀತಾವ.”

“ಗುಂಡೇರಾವ್ ಕಾಕಾ ಎಲ್ಲಿ ಹೋದ್ರು? ತಪ್ಪು ಸುದ್ದಿ ಕಂಡ್ರ ಮೈಮ್ಯಾಲೆ ಬರತಿದ್ರು.”

“ನೀ ಬರದ ಪ್ರೋಗ್ರಾಮ ಅವರನ್ನ ಹೊರಗ ಹಾಕೈತಿ. ಸಿಟ್ಟಿನ ಮಾತು ಕಂಡ್ರ ತಗದು ಒಗೀ ಅಂತ ಅದಕ್ಕ ಕಲಿಸಿದಾಕಿ ನೀನ ಅಲ್ಲೇನು?”

“ಜಗಳ ಸಾಕಾಗೈತಿ ಅಂದಾಂವ ನೀನ.”

“ಹೌದು, ಅಂದೆ. ಜಗಳಾಡೋರೆಲ್ಲಾ ಹೋದ್ರು. ಖರೇ ಮಂದಿ ಅಂದ್ರ ಅವರಷ್ಟ ಇದ್ರು.”

ಸಾಲು ಸ್ವಲ್ಪ ಮುಂದೆ ಸರಿಯಿತು.

“ಕಾಕಾಗ ಫೋನ್ ಮಾಡು. ಮನಸಾರೆ ಬೈಸ್ಕೊಂಡು ವಾಪಸ್ ಕರಕೊಂಡು ಬರೋಣು.”

“ಮುಂಜಾನೆ ಮಾಡಿದ್ದೆ. ಅವರನ್ನ ಹೊರಗ ಹಾಕಿ ಮೂರು ತಿಂಗಳಾತು, ನಮಗ ಗೊತ್ತಾಗಿಲ್ಲ ಅಂತ ನಾನ ಹೇಳಿದೆ.”

“ಏನಂದ್ರು?”

“‘ಇರ್ಲಿ ಬಿಡಪ್ಪಾ, ಛಲೋ ನಡಸಾಕತ್ತೀರಿ’ ಅಂದ್ರು.”

“ಕಾಕಾ ಬೈಲಿಲ್ಲ?”

“ಬೈಲಿಲ್ಲ.”

ಆಕೆ ಹೆಂಗಸರ ತಪಾಸಣೆಯ ಪರದೆಯ ಕಡೆ ಹೋದಳು. ಅವನು ಬ್ಯಾಗನ್ನು ಯಂತ್ರದ ಪಟ್ಟಿಯ ಮೇಲಿಟ್ಟು ಆಚೆ ನಡೆದ.