ಪಂಪಿಗೆ ಕೊಟ್ಟ ಡೈರೆಕ್ಟ್ ವಯರ್

ಇಲ್ಲ, ಪೆಟ್ರೋಲ್ ಇತ್ತು, ಅರ್ಧ ಟ್ಯಾಂಕ್ ಇತ್ತು, ಕಾರು ದಾರಿಯಲ್ಲಿ ನಿಂತ ಕತೆ ಹೇಳಿದರೆ ಎಲ್ಲರೂ ಮೊದಲು ಕೇಳುದು ಅದನ್ನೇ, ಪೆಟ್ರೋಲ್ ಇತ್ತಾ ಸುಮತಿಯಕ್ಕ ಅಂತ. ಟ್ಯಾಂಕಿನಲ್ಲಿ ಇದ್ದರೆ ಸಾಕಾ? ಅದನ್ನು ಇಂಜಿನ್ನಿಗೆ ದೂಡ್ಲಿಕ್ಕೆ ಒಂದು ಪಂಪ್ ಉಂಟು, ಹಿಂದಿನ ಸೀಟಿನ ಅಡಿಯಲ್ಲಿ, ಟ್ಯಾಂಕಿನ ಒಳಗೇ ಮುಳುಗಿಕೊಂಡು ಇರ್ತದೆ. ಕರೆಂಟಿನ ಪಂಪ್. ಕೀ ತಿರುಗಿಸಿದ ಕೂಡಲೇ ಎರಡು ಸೆಕೆಂಡ್ ಗುಂಯ್ ಅಂತದೆ, ಮತ್ತೆ ನಿಲ್ತದೆ, ಇಂಜಿನ್ ಸ್ಟಾರ್ಟ್ ಆದರೆ ಪುನಃ ಓಡ್ತದೆ. ಇಂಜಿನ್ ನಿಂತರೆ ಪಂಪ್ ಕೂಡ ನಿಲ್ಲಬೇಕು. ಕೇಳಿದಿರಾ, ಇಂಜಿನ್ ನಿಂತರೆ ಪಂಪ್ ನಿಲ್ಲಲೇಬೇಕು, ಅದಕ್ಕಂತಲೇ ನಡುವೆ ಒಂದು ರಿಲೇ ಇಟ್ಟಿರ್ತಾರೆ, ತನ್ನಷ್ಟಕ್ಕೆ ಆನ್ ಆಗಿ ತನ್ನಷ್ಟಕ್ಕೆ ಆಫ್ ಆಗುವ ಸಣ್ಣ ಸ್ವಿಚ್ಚು ಅಂತ ಇಟ್ಟುಕೊಳ್ಳಿ. ಇದೆಲ್ಲ ನನಗೆ ಕಲಿಸಿದ್ದು ನಿಮ್ಮ ಅಜ್ಜ, ಮಕ್ಕಳೇ. ಅವರು ಮಲ್ಪೆಯಲ್ಲಿ ಬೋಟುಗಳಿಗೆ ವಯರಿಂಗ್ ಮಾಡ್ತಿದ್ದವರು ಅಲ್ವಾ, ಮನೆಗೆ ಬಂದ ಮೇಲೂ ಎಂತಾದರೂ ಬಿಚ್ಚಿಕೊಂಡು ಕೂತಿರ್ತಿದ್ದರು, ಟಾರ್ಚ್ ಹಿಡಿದು ನಿಲ್ಲುದು ನಾನು. ಮೂವತ್ತು ವರ್ಷ ಟಾರ್ಚ್ ಹಿಡಿದವಳಿಗೆ ಒಂದಿಷ್ಟು ಬರ್ತದೆ ಮಾರಾಯ, ಬಾರದೆ ಇರ್ತದಾ.

ಅದು ಲಾಕ್‌ಡೌನಿನ ವರ್ಷ. ಅಜ್ಜ ತೀರಿ ಎರಡು ವರ್ಷ, ಅಲ್ಲ, ಮೂರು, ಮೂರು ವರ್ಷ ಆಗಿತ್ತು. ಅವರು ಬಿಟ್ಟು ಹೋದ ಹಳೇ ಕಾರಿನಲ್ಲಿ ನಾನು ಕಾಪುವಿನಿಂದ ಬಾಡಿಗೆಗೆ ಹೋಗ್ತಿದ್ದೆ, ಹೆಂಗಸರು ಮಕ್ಕಳು ನನ್ನನ್ನೇ ಕರೀತಿದ್ದರು. ಒಮ್ಮೆಗೇ ಎಲ್ಲ ಬಂದ್. ಬಸ್ಸಿಲ್ಲ, ಅಂಗಡಿ ಇಲ್ಲ, ಬೋಟು ದಡದಲ್ಲಿ. ಶಿರ್ವದಲ್ಲಿ ತೆರೆಸಾ ಬಾಯಿ ಅಂತ ಇದ್ದರು, ನನಗಿಂತ ನಾಲ್ಕು ವರ್ಷ ದೊಡ್ಡವರು, ಎರಡೂ ಕಿಡ್ನಿ ಹೋಗಿತ್ತು ಅವರದ್ದು. ಮಂಗಳವಾರ, ಗುರುವಾರ, ಶನಿವಾರ ಮಣಿಪಾಲಕ್ಕೆ ಡಯಾಲಿಸಿಸ್ಸಿಗೆ ಹೋಗಲೇಬೇಕು, ಒಂದು ಸಲ ತಪ್ಪಿದರೆ ಕಾಲು ಊದಿಕೊಳ್ತದೆ, ಎರಡು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ. ಅವರ ಗಂಡ ಗ್ರೆಗರಿ ಪೊರ್ಬುಗಳಿಗೆ, ಕ್ರಿಶ್ಚಿಯನ್ ಹಿರಿಯರನ್ನು ನಾವು ಪೊರ್ಬುಗಳು ಅಂತಲೇ ಹೇಳುದು, ಕಣ್ಣು ಅಷ್ಟಕ್ಕಷ್ಟೇ, ಕಾರು ಬಿಡ್ಲಿಕ್ಕಾಗುದಿಲ್ಲ. ಆಸ್ಪತ್ರೆಯ ಒಳಗೆ ರೋಗಿಯ ಜೊತೆ ಒಬ್ಬರನ್ನು ಮಾತ್ರ ಬಿಡ್ತಿದ್ದರು. ಹಾಗಾಗಿ ನಾನೇ ಡ್ರೈವರ್, ನಾನೇ ಜೊತೆಗೆ ಇರುವವಳು. ಗ್ಲಾಸಿಗೆ ಪಾಸ್ ಅಂಟಿಸಿಕೊಂಡು ಹೋಗುದು, ನಾಲ್ಕು ಗಂಟೆ ಹೊರಗೆ ಬೆಂಚಿನಲ್ಲಿ ಕೂರುದು, ವಾಪಸ್ ತರುದು. ಗ್ರೆಗರಿ ಪೊರ್ಬುಗಳು ಗೇಟಿನಲ್ಲಿ ನಿಂತಿರ್ತಿದ್ದರು, ಹೋಗುವಾಗಲೂ ಬರುವಾಗಲೂ.

ಕಾರು ತೊಂದರೆ ಕೊಡ್ಲಿಕ್ಕೆ ಶುರು ಮಾಡಿತು. ಬೆಳಿಗ್ಗೆ ಚಂದ ಸ್ಟಾರ್ಟ್ ಆಗ್ತದೆ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಜರ್ಕ್ ಹೊಡೆದು ನಿಲ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಪುನಃ ಹೊರಡ್ತದೆ. ಒಂದು ಗುರುವಾರ ಕಟಪಾಡಿ ದಾಟಿದ ಮೇಲೆ ಹೈವೇಯಲ್ಲಿ ನಿಂತು ಬಿಟ್ಟಿತು. ಒಂದು ವಾಹನ ಇಲ್ಲ, ಬಿಸಿಲು ಅಂದರೆ ಬಿಸಿಲು. ತೆರೆಸಾ ಬಾಯಿಗೆ ಮೊದಲೇ ಮೈ ಊದಿತ್ತು, ಹಿಂದೆ ಕೂತು ಬಾಯಲ್ಲಿ ಉಸಿರು ಎಳೀತಿದ್ದಾರೆ. ಹೋಗಿ ಮುಟ್ಟುವಾಗ ಅವರ ಸಮಯ ದಾಟಿ ಹೋಗಿತ್ತು, ಕಾಲು ಹಿಡಿದ ಹಾಗೆ ಕೇಳಿದ ಮೇಲೆ ಎರಡು ಗಂಟೆ ಮಾತ್ರ ಮೆಷಿನ್ ಕೊಟ್ಟರು. ವಾಪಸ್ ಬರುವಾಗ ಅವರು ಹೇಳಿದ್ದು ಒಂದೇ ಮಾತು, "ಸುಮತಿ, ದಾರಿಯಲ್ಲಿ ಸಾಯುದು ಬೇಡ ನನಗೆ, ಮನೆಯಲ್ಲಿ ಸಾಯ್ತೇನೆ."

ಮರುದಿನ ಬೆಳಿಗ್ಗೆ ಸೀಟು ಎತ್ತಿ ಕೂತೆ. ನಿಂತು ಹೋದ ಹೊತ್ತಿಗೆ ಕೀ ಹಾಕಿದರೆ ಪಂಪಿನ ಶಬ್ದ ಬರುದಿಲ್ಲ, ಅಷ್ಟು ಗೊತ್ತಾಗಿತ್ತು. ಫ್ಯೂಸ್ ನೋಡಿದೆ, ಸರಿ ಉಂಟು. ಹಾರ್ನಿನ ರಿಲೇ ಮತ್ತೆ ಪಂಪಿನ ರಿಲೇ ಒಂದೇ ನಮೂನೆ, ಅದಲು ಬದಲು ಮಾಡಿದೆ, ಬಿಸಿಯಾದ ಮೇಲೆ ಪುನಃ ಅದೇ ಕತೆ, ಹಾಗಾದರೆ ರಿಲೇ ಹಾಳಾಗಿಲ್ಲ. ಪಂಪಿನ ಪ್ಲಗ್ ಬಿಡಿಸಿ ಟೆಸ್ಟ್ ಲ್ಯಾಂಪ್, ಕರೆಂಟು ಬರ್ತದಾ ನೋಡುವ ಸಣ್ಣ ಬಲ್ಬು, ಹಿಡಿದು ಕೀ ತಿರುಗಿಸಿದೆ, ಆ ಎರಡು ಸೆಕೆಂಡ್ ಚಂದ ಉರಿಯಿತು. ಕಾರ್ಕಳದ ಬಾಬಣ್ಣನಿಗೆ ಫೋನ್ ಮಾಡಿದೆ, ಅಜ್ಜನ ದೋಸ್ತಿ, ಗ್ಯಾರೇಜ್ ಇಟ್ಟವರು. ಕರೆಂಟು ಬರ್ತಾ ಉಂಟು ಅಂದ ಮೇಲೆ ಪಂಪೇ ಹೋದದ್ದು ಸುಮತಿಯಕ್ಕ, ಆದರೆ ಹೊಸದು ಈಗ ಎಲ್ಲಿ ಸಿಗ್ತದೆ ಅಂದರು. ನನಗೆ ಸಮಾಧಾನ ಆಗ್ಲಿಲ್ಲ. ಅಜ್ಜ ಹೇಳ್ತಿದ್ದರು, ಸಣ್ಣ ಬಲ್ಬನ್ನು ನಂಬಬೇಡ, ಅದಕ್ಕೆ ಕರೆಂಟು ಬೇಕಾದ್ದೇ ಚೂರು, ಒಂದು ಎಳೆ ತಂತಿ ಉಳಿದಿದ್ದರೂ ಅದು ಉರೀತದೆ, ಹೆಚ್ಚು ಎಳೆಯುವಂಥದ್ದನ್ನು ಹಾಕಿ ನೋಡು ಅಂತ. ಒಂದು ಹಳೇ ಹೆಡ್‌ಲೈಟ್ ಬಲ್ಬ್ ಇತ್ತು, ಅದನ್ನು ಪ್ಲಗ್ಗಿಗೆ ಹಾಕಿದೆ. ಅರಶಿನದ ಹಾಗೆ ಮಂಕಾಗಿ ಉರಿಯಿತು. ಬ್ಯಾಟರಿಯ ಮೈನಸ್ಸಿನಿಂದ ಬೇರೆ ವಯರ್ ತಂದು ಕೊಟ್ಟೆ, ಹಾಗೇ ಮಂಕು. ಪ್ಲಸ್ಸಿನಿಂದ ತಂದು ಕೊಟ್ಟೆ, ಕಣ್ಣಿಗೆ ಚುಚ್ಚುವ ಹಾಗೆ ಬೆಳಕು. ಅಲ್ಲಿಗೆ ಗೊತ್ತಾಯ್ತು, ಪಂಪ್ ಸರಿ ಉಂಟು, ಅದಕ್ಕೆ ಕರೆಂಟು ಬರುವ ದಾರಿಯಲ್ಲಿ ತೊಂದರೆ. ಒಂದೊಂದೇ ಜಾಗ ನೋಡಿಕೊಂಡು ಹೋದೆ, ಕೊನೆಗೆ ರಿಲೇ ಕೂರುವ ಸಾಕೆಟ್ಟಿನಲ್ಲಿ ಸಿಕ್ಕಿತು. ಒಂದು ಪಿನ್ನಿಗೆ ಹಸಿರು ಹಿಡಿದು ಅರ್ಧ ತಿಂದು ಹೋಗಿದೆ. ಕಾಪುವಿನ ಉಪ್ಪು ಗಾಳಿ ಅಲ್ವಾ, ಏನನ್ನೂ ಬಿಡುದಿಲ್ಲ ಅದು. ಆ ದಿನ ನನಗಾದ ಖುಷಿ, ಎಂತ ಹೇಳುದು, ಅಜ್ಜ ಇದ್ದಿದ್ದರೆ ತೋರಿಸಬಹುದಿತ್ತು ಅಂತ ಆಯ್ತು.

ಆ ಪಿನ್ ಹೊಸದು ಹಾಕಬೇಕು, ಅಷ್ಟೇ ಕೆಲಸ. ಆದರೆ ಪಿನ್ನಿಲ್ಲ, ಉಡುಪಿಯಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯೂ ಬಾಗಿಲು ತೆಗೆದಿಲ್ಲ. ನಾಳೆ ಶನಿವಾರ. ಏನು ಮಾಡುದು? ನಾನು ಕೀಯ ಹತ್ತಿರದಿಂದ ಒಂದು ವಯರ್ ಎಳೆದು, ನಡುವೆ ಒಂದು ಫ್ಯೂಸ್ ಹಾಕಿ, ಸೀದಾ ಪಂಪಿಗೆ ಕೊಟ್ಟೆ. ಡೈರೆಕ್ಟ್. ರಿಲೇಯ ಸಂಬಂಧವೇ ಇಲ್ಲ. ಕೀ ಆನ್ ಇರುವಷ್ಟು ಹೊತ್ತು ಪಂಪ್ ಓಡ್ತದೆ, ಇಂಜಿನ್ ಓಡಲಿ, ನಿಲ್ಲಲಿ, ಅದಕ್ಕೆ ಗೊತ್ತಿಲ್ಲ. ಬಾಬಣ್ಣ ಫೋನಿನಲ್ಲಿ ಹೇಳಿದರು, ಈಗ ನಡೆಯಲಿ, ಪಿನ್ ಸಿಕ್ಕಿದ ಕೂಡಲೇ ಬಿಚ್ಚಿ ಬಿಡಿ ಅಂತ. ಹೂಂ ಅಂದೆ.

ಕಾರು ಎಷ್ಟು ಚಂದ ಓಡಿತು ಗೊತ್ತುಂಟಾ. ಒಂದು ದಿನ ನಿಲ್ಲಲಿಲ್ಲ. ಲಾಕ್‌ಡೌನ್ ಸಡಿಲ ಆಯ್ತು, ಅಂಗಡಿ ತೆಗೆದರು. ಪಿನ್ ಕೂಡ ತಂದೆ ನಾನು, ತಂದು ಕಾರಿನ ಡಬ್ಬದಲ್ಲೇ ಇಟ್ಟೆ. ಭಾನುವಾರ ಮಾಡಿದರಾಯ್ತು ಅಂದೆ. ಆ ಭಾನುವಾರ ಎಂತದೋ ಬಂತು, ಮುಂದಿನ ಭಾನುವಾರ ಮತ್ತೊಂದು. ಓಡ್ತಾ ಉಂಟಲ್ಲ, ಹೇಗೂ ಓಡ್ತಾ ಉಂಟಲ್ಲ ಅಂತ ಮೂರು ವಾರ ಬಿಟ್ಟೆ.

ಒಂದು ಮಂಗಳವಾರ ಡಯಾಲಿಸಿಸ್ ಮುಗಿಸಿ ಮಧ್ಯಾಹ್ನ ವಾಪಸ್ ಬರ್ತಿದ್ದೆವು. ಕಟಪಾಡಿಯಿಂದ ಶಿರ್ವಕ್ಕೆ ಬರುವ ದಾರಿಯ ಒಂದು ತಿರುವಿನಲ್ಲಿ ಕೆಂಪು ಕಲ್ಲಿನ ಲಾರಿ ನನ್ನ ಬದಿಗೇ ಬಂತು. ನಾನು ಎಡಕ್ಕೆ ತಿರುಗಿಸಿದೆ, ಮೋರಿಯ ಕಟ್ಟೆಗೆ ಹೋಗಿ ಹೊಡೆಯಿತು. ಹಣೆ ಸ್ಟೇರಿಂಗಿಗೆ ಬಡಿಯಿತು ನನಗೆ. ಎಷ್ಟು ಹೊತ್ತು ಹಾಗೆ ಇದ್ದೆನೋ ಗೊತ್ತಿಲ್ಲ. ಇಂಜಿನ್ ನಿಂತಿತ್ತು, ಎಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಹಿಂದಿನಿಂದ ಗುಂಯ್ ಅಂತ ಕೇಳ್ತಾ ಇತ್ತು. ಕಿವಿಗೆ ಕೇಳ್ತದೆ, ತಲೆಗೆ ಹೋಗುದಿಲ್ಲ. ಆಗ ತೆರೆಸಾ ಬಾಯಿ ಹಿಂದಿನಿಂದ ಮೆಲ್ಲ ಹೇಳಿದರು, "ಸುಮತಿ, ಪೆಟ್ರೋಲ್ ವಾಸನೆ." ಇಂಜಿನ್ನಿನ ಹತ್ತಿರ ಪೈಪ್ ಒಡೆದಿತ್ತು, ಪಂಪ್ ಅಷ್ಟು ಹೊತ್ತೂ ಪೆಟ್ರೋಲ್ ದೂಡ್ತಾ ಇತ್ತು, ಆ ಇಳಿಜಾರಿನಲ್ಲಿ ಅದು ಕಾರಿನ ಅಡಿಯಿಂದ ಹಿಂದಕ್ಕೆ ಹರಿದಿತ್ತು. ನಾನು ಕೀ ಆಫ್ ಮಾಡುವಷ್ಟರಲ್ಲಿ ಬಾನೆಟ್ಟಿನಿಂದ ಬೆಂಕಿ ಬಂದಾಗಿತ್ತು, ಹರಿದ ಪೆಟ್ರೋಲ್ ಹಿಡಿದುಕೊಂಡು ಹಿಂದಿನ ಸೀಟಿನ ಅಡಿಗೂ ಹೋಯ್ತು. ನನ್ನ ಬಾಗಿಲು ತೆರೆಯಿತು. ಅವರು ಕೂತ ಬದಿಯ ಬಾಗಿಲು ಮೋರಿಗೆ ಒತ್ತಿ ಕೂತಿತ್ತು. ಈಚೆಯಿಂದ ಹೋಗಿ ಕೈ ಹಿಡಿದು ಎಳೆದೆ, ಡಯಾಲಿಸಿಸ್ ಆದ ಮೈಯಲ್ಲಿ ತ್ರಾಣ ಇಲ್ಲ, ಬರ್ಲಿಕ್ಕೆ ಆಗುದಿಲ್ಲ ಅವರಿಗೆ. ಮೀನಿನ ರಿಕ್ಷಾದವರು ಇಬ್ಬರು ಓಡಿ ಬಂದರು, ಒದ್ದೆ ಗೋಣಿ ಹಾಕಿ ಎಳೆದರು. ಎರಡೂ ಕಾಲು ಮೊಣಕಾಲಿನ ತನಕ ಬೆಂದಿತ್ತು. ಹನ್ನೊಂದನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಯಲ್ಲಿ ಅಲ್ಲ.

ಪೊಲೀಸರು ಲಾರಿಯವನ ತಪ್ಪು ಅಂತ ಬರೆದರು. ತಪ್ಪು ಅವನದ್ದೇ, ಸುಳ್ಳಲ್ಲ. ವಯರಿನ ವಿಷಯ ಯಾರೂ ಕೇಳಲಿಲ್ಲ, ಕೇಳ್ಲಿಕ್ಕೆ ವಯರ್ ಎಲ್ಲಿ ಉಳಿದಿತ್ತು. ಬಾಬಣ್ಣ ಒಬ್ಬರು ಫೋನಿನಲ್ಲಿ ಕೇಳಿದರು, "ಸುಮತಿಯಕ್ಕ, ಅದನ್ನು ಬಿಚ್ಚಿದ್ದಿರಲ್ಲ?" ನಾನು ಬಿಚ್ಚಿದ್ದೆ ಅಂದೆ. ಹಾಗೆ ಹೇಳಿ ಬಿಟ್ಟೆ. ಅವರು ದೇವರು ದೊಡ್ಡವನು ಅಂತ ಫೋನ್ ಇಟ್ಟರು. ಆಮೇಲೆ ಮಕ್ಕಳೇ, ಬೆಂಕಿಯ ನೆನಪಿಗಿಂತ ಆ ಒಂದು ಸುಳ್ಳು ಹೆಚ್ಚು ಉರಿಸ್ತಿತ್ತು.

ಎರಡು ತಿಂಗಳು ಕಳೆದು ಶಿರ್ವಕ್ಕೆ ಹೋದೆ, ಬಸ್ಸಿನಲ್ಲಿ. ಗ್ರೆಗರಿ ಪೊರ್ಬುಗಳು ಅಂಗಳದಲ್ಲಿ ಕೂತು ತೆಂಗಿನಕಾಯಿ ಸುಲೀತಿದ್ದರು. ಕಣ್ಣು ಸರಿ ಕಾಣದಿದ್ದರೂ ಸ್ವರದಲ್ಲಿ ಗುರುತು ಹಿಡಿದರು, ಬನ್ನಿ ಸುಮತಿ, ನಿಮ್ಮ ಹಣೆ ಹೇಗುಂಟು ಅಂತ ಕೇಳಿದರು. ನನ್ನ ಹಣೆ ಕೇಳಿದರು ಅವರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಪಿನ್ನು, ವಯರು, ಮೂರು ಭಾನುವಾರ, ಎಲ್ಲ. ಆ ವಯರ್ ಇಲ್ಲದಿದ್ದರೆ ಇಂಜಿನ್ ನಿಂತ ಕೂಡಲೇ ಪಂಪ್ ನಿಲ್ತಿತ್ತು, ಅಷ್ಟು ಬೆಂಕಿ ಆಗ್ತಿರ್ಲಿಲ್ಲ ಅಂತಲೂ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಅದನ್ನು ಸರಿ ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?" ಅಂತ ಕೇಳಿದರು.

"ಅರ್ಧ ಗಂಟೆ," ಅಂದೆ.

ಅವರು ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಜೋರಾಗಿ ಅಲ್ಲ, ಮೆಲ್ಲ. ನಾನು ಅಂಗಳದಲ್ಲಿ ನಿಂತೇ ಇದ್ದೆ, ಮತ್ತೆ ಬಸ್ಸಿಗೆ ಹೋದೆ. ಅಲ್ಲಿಂದ ಇವತ್ತಿನ ತನಕ ಅವರು ನನ್ನ ಹತ್ತಿರ ಮಾತಾಡಿಲ್ಲ, ಎದುರು ಸಿಕ್ಕಿದರೆ ನನ್ನ ಸ್ವರ ಕೇಳಿದ ಕೂಡಲೇ ತಿರುಗಿ ನಡೀತಾರೆ. ಅವರದ್ದು ತಪ್ಪು ಅಂತ ನಾನು ಹೇಳುದಿಲ್ಲ. ಬಾಬಣ್ಣನಿಗೂ ಮತ್ತೆ ನಿಜ ಹೇಳಿದೆ, ಅವರು ಹೂಂ ಅಂದರು ಅಷ್ಟೇ. ಸ್ಟೇರಿಂಗ್ ಹಿಡಿಯುದನ್ನು ನಾನು ಅಲ್ಲಿಗೇ ಬಿಟ್ಟೆ. ಕಷ್ಟದಲ್ಲಿ ಹೇಗಾದರೂ ಒಂದು ದಾರಿ ಮಾಡಿಕೊಳ್ಳಬೇಕಾಗ್ತದೆ, ಅದಕ್ಕೆ ನಾನು ಬೇಡ ಅನ್ನುದಿಲ್ಲ, ನಾಳೆ ಅಂಥ ಕಷ್ಟ ಬಂದರೆ ಪುನಃ ಹಾಗೇ ಮಾಡಿಯೇನು. ಆದರೆ ಇವತ್ತೊಂದು ದಿನಕ್ಕೆ ಅಂತ ಮಾಡಿದ್ದನ್ನು, ಸಾಮಾನು ಕೈಗೆ ಬಂದ ದಿನವೇ ಬಿಚ್ಚಿ ಸರಿ ಮಾಡಿ. ಊಟ ಆಮೇಲೆ ಮಾಡಬಹುದು.