ನಲವತ್ತು ಬಾಗಿಲಿನ ಸಿಂಹ

ಮಾದರಿ ಕೊಟ್ಟರೆ ಅದರಂತೆಯೇ ಮರ ಕೆತ್ತುವ ಕಂಪ್ಯೂಟರ್ ಮೆಷೀನು ತರಿಸಿ ಬೀಗುತ್ತಿದ್ದ ಬಾಗಿಲು ಮಾರುವ ಸಾಹುಕಾರ ರಘುನಂದನ್, ಅವತ್ತು ಸ್ಕೂಟರ್ ಕೈಕೊಟ್ಟಿದ್ದರಿಂದ ನಾಗಮಂಗಲದಲ್ಲಿ ಬೆಳ್ಳೂರು ಬಸ್ಸು ಹತ್ತಿದ. ಮುಂದಿನ ಸೀಟಿನಲ್ಲಿ ಅವನಿಗೆ ಮಾದರಿ ಕೆತ್ತಿಕೊಟ್ಟಿದ್ದ ಚನ್ನಾಚಾರಿ, ಪಕ್ಕದಲ್ಲಿ ಗೆಳೆಯ ಹೊನ್ನಪ್ಪ. ಹಿಂದೆ ಯಾರು ಕೂತಿದ್ದಾರೆಂದು ಇಬ್ಬರೂ ನೋಡಲಿಲ್ಲ.

“ಮೆಷೀನು ಬಂದ್ಮೇಲೆ ನಿನ್ನ ಉಳಿಗೆ ಕೆಲ್ಸ ಇಲ್ವಂತಲ್ಲೋ?” ಎಂದ ಹೊನ್ನಪ್ಪ.

“ಒಂದೇ ಒಂದು ಸಿಂಹದ ಮುಖ ಕೆತ್ಕೊಡು, ಆಮೇಲೆ ಬರಬ್ಯಾಡ ಅಂದ್ರು ಸಾವ್ಕಾರ್ರು.”

“ಕೊಟ್ಯಾ?”

“ಕೊಡ್ದೆ ಏನು? ಅವ್ರ ಮುಖಾನೇ ಕೆತ್ಕೊಟ್ಟೆ. ಅದೇ ಗುಡ್ಡೆಗಣ್ಣು, ಅದೇ ದಪ್ಪ ಮೂಗು. ಸುತ್ತ ಒಸಿ ಕೇಸರ ಬುಟ್ಟೆ, ಅಷ್ಟೇಯ.”

“ಗೊತ್ತಾಗ್ನಿಲ್ವೇನ್ಲಾ ಅವ್ರಿಗೆ?”

“ಎಲ್ಲಿ! ‘ಭಯಂಕರವಾಗದೆ, ಇನ್ನು ದೃಷ್ಟಿ ತಾಕಾಕಿಲ್ಲ’ ಅಂತ ಮೆಚ್ಕೊಂಡ್ರು. ಮೆಷೀನು ಒಂಚೂರೂ ತಪ್ಪದಂಗೆ ನಲವತ್ತು ಮಾಡ್ತು. ಕೆ.ಆರ್. ಪೇಟೆಯಿಂದ ಪಾಂಡವಪುರದ ಗಂಟ ನಲವತ್ತು ಬಾಗ್ಲ ಮ್ಯಾಲೆ ಕುಂತವ್ರೆ!”

ಬೆಳ್ಳೂರು ಕ್ರಾಸ್ ಬಂತು. ಇಳಿಯಲು ಎದ್ದ ಚನ್ನಾಚಾರಿ ಹಿಂದಕ್ಕೆ ತಿರುಗಿದ. ರಘುನಂದನ್ ಕಣ್ಣು ಕೆಕ್ಕರಿಸಿ, ಮೂಗು ಅರಳಿಸಿ, “ಲೇ!” ಎಂದು ಗರ್ಜಿಸಿದ.

“ಬಾರ್ಲಾ ಹೊನ್ನ, ಬೇಗ ನೋಡ್ಕೊ,” ಎಂದ ಚನ್ನಾಚಾರಿ ಇಳಿಯುತ್ತಲೇ. “ಥೇಟ್ ಇದೇಯ!”